ದಾರಿ ಮೇಲಿನವರು: ಒಂದು ಕಾರ್‌ಪೂಲಿನ ಪ್ರಕರಣ ಅಧ್ಯಯನ

ನನ್ನ ಮನೆಯಿಂದ ಕಚೇರಿಗೆ 34 ಕಿಲೋಮೀಟರ್. ಹೋಗಿ ಬರಲು 68. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ 1,496 ಕಿಲೋಮೀಟರ್ ಆಗುತ್ತದೆ. ಕಾರು ಲೀಟರಿಗೆ 17 ಕಿಲೋಮೀಟರ್ ಕೊಡುತ್ತದೆ. ಅಲ್ಲಿಗೆ ತಿಂಗಳಿಗೆ 88 ಲೀಟರ್ ಇಂಧನ, ಅದೂ ಒಬ್ಬನನ್ನು ಹೊತ್ತು ತಿರುಗಲು. ಉಳಿದ ನಾಲ್ಕು ಸೀಟು ಖಾಲಿ. ಐದು ವರ್ಷ ಹೀಗೆಯೇ ನಡೆಯಿತು, ನಾನು ಒಮ್ಮೆಯೂ ಪೆನ್ನು ಹಿಡಿದು ಲೆಕ್ಕ ಹಾಕಿರಲಿಲ್ಲ.

ಲೆಕ್ಕಕ್ಕೆ ಕೂರಿಸಿದ್ದು ಬೇರೆಯದೇ ಕಾರಣ. ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆದಮೇಲೆ ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಫಿಸಿಯೋಥೆರಪಿಗೆ ಕರೆದೊಯ್ಯಬೇಕಾಯಿತು. ಆ ಎರಡು ದಿನ ಕಾರು ಮನೆಯಲ್ಲಿರಬೇಕು. ನಾನು ಕಾರು ಬಿಟ್ಟು ಹೋಗುವುದು ಹೇಗೆ? ಎರಡನೇ ಕಾರು ಕೊಳ್ಳೋಣ ಎಂದು ಹೆಂಡತಿ, ನಾನು ಇಬ್ಬರೂ ಹೆಚ್ಚುಕಡಿಮೆ ತೀರ್ಮಾನಿಸಿಯೇ ಬಿಟ್ಟಿದ್ದೆವು. ಕೊಳ್ಳುವ ಮುಂಚೆ ಕಾರ್‌ಪೂಲ್ ಒಂದನ್ನು, ಅಂದರೆ ಒಂದೇ ಕಾರಿನಲ್ಲಿ ಹಲವರು ಹೋಗಿ ಖರ್ಚು ಹಂಚಿಕೊಳ್ಳುವುದನ್ನು, ಪ್ರಯತ್ನಿಸಿ ನೋಡೋಣ ಎಂದದ್ದು ಅವಳು.

ಮುಂದಿನ ಎಂಟು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಪೂಲ್ ಐದು ವಾರಕ್ಕೆ ಮುರಿದುಬಿತ್ತು, ಇನ್ನೊಂದು ನಿಂತಿತು. ಮುರಿದದ್ದರಿಂದಲೇ ನಾನು ಹೆಚ್ಚು ಕಲಿತದ್ದು, ಆದ್ದರಿಂದ ಅದನ್ನು ಬಿಚ್ಚಿ ಹೇಳುತ್ತೇನೆ. ಎಲ್ಲ ಲೆಕ್ಕವನ್ನೂ ಲೀಟರಿನಲ್ಲೇ ಕೊಟ್ಟಿದ್ದೇನೆ. ಇಂಧನದ ಬೆಲೆ ಇವತ್ತಿದ್ದಂತೆ ನಾಳೆ ಇರುವುದಿಲ್ಲ; ಲೀಟರು ಮಾತ್ರ ಲೀಟರೇ. ನಮ್ಮ ಪೂಲಿನ ಪುಸ್ತಕವನ್ನೂ ನಾವು ಹೀಗೆಯೇ ಇಟ್ಟೆವು, ಬೆಲೆ ಏರಿದಾಗ "ಹಳೇ ರೇಟಾ, ಹೊಸ ರೇಟಾ" ಎಂಬ ಜಗಳ ಹುಟ್ಟಲೇ ಇಲ್ಲ. ತಿಂಗಳ ಕೊನೆಯ ದಿನ ಯಾವ ಬೆಲೆ ಇದೆಯೋ ಅದರಿಂದ ಗುಣಿಸಿ ಹಣ ಕೊಟ್ಟುಬಿಡುವುದು.

ಐದು ವಾರದ ಪೂಲ್

ಸಹಪ್ರಯಾಣಿಕರನ್ನು ಜೋಡಿಸಿಕೊಡುವ ಒಂದು ಆನ್‌ಲೈನ್ ಸೇವೆಯಲ್ಲಿ ಹೆಸರು ನೋಂದಾಯಿಸಿದೆ. ಫಾರಂ ಚಿಕ್ಕದು. ಮನೆ ಎಲ್ಲಿ, ಕಚೇರಿ ಎಲ್ಲಿ, ಹೊರಡುವ ಹೊತ್ತು, ಮರಳುವ ಹೊತ್ತು, ಎಷ್ಟು ನಿಮಿಷ ಹಿಂದುಮುಂದಾದರೆ ನಡೆದೀತು, ನೀವು ಚಾಲಕರೋ ಪ್ರಯಾಣಿಕರೋ ಎಂಬ ಪ್ರಶ್ನೆಗಳು. ಹುಡುಕುವ ವ್ಯಾಪ್ತಿ ಎಂಬ ಕಡೆ "ಮನೆಯಿಂದ 1 ಕಿಲೋಮೀಟರ್" ಎಂದು ಗುರುತು ಹಾಕಿದೆ. ಹತ್ತಿರದವರಾದರೆ ಅನುಕೂಲ ಎಂಬುದು ಯಾರಿಗಾದರೂ ಹೊಳೆಯುವ ಮಾತು. ಒಂದೇ ಒಂದು ಹೆಸರು ಬಂತು. ಎರಡು ಬೀದಿ ಆಚೆ ಮನೆ ಇದ್ದ ಒಬ್ಬ ಮಹಿಳೆ, ದಿನಾ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುತ್ತಿದ್ದವರು. ನಕ್ಷೆಯಲ್ಲಿ ಅವರ ಕಚೇರಿಯೂ ನಮ್ಮ ಕಡೆಯೇ ಕಾಣಿಸುತ್ತಿತ್ತು. ಮಾತಾಡಿದೆವು, ಒಪ್ಪಿದೆವು, ಸೋಮವಾರದಿಂದ ಶುರು ಮಾಡಿದೆವು.

ಅವರ ಕಚೇರಿ ಇದ್ದದ್ದು ಮುಖ್ಯರಸ್ತೆಯಿಂದ ಮೂರೂವರೆ ಕಿಲೋಮೀಟರ್ ಒಳಗೆ. ಬಿಟ್ಟು ಮತ್ತೆ ರಸ್ತೆಗೆ ಬರಲು 7 ಕಿಲೋಮೀಟರ್. ಸಂಜೆ ಇನ್ನೊಂದು 7. ದಿನಕ್ಕೆ 14, ತಿಂಗಳಿಗೆ 308 ಕಿಲೋಮೀಟರ್, ಅಂದರೆ 18 ಲೀಟರ್ ಸುತ್ತು ದಾರಿಗೇ ಹೋಯಿತು. ತಿಂಗಳ ಒಟ್ಟು 106 ಲೀಟರ್ ಆಯಿತು. ಸಮಪಾಲು ಎಂದು ಇಬ್ಬರಿಗೂ 53 ಹಾಕಿದೆ. ನನಗೆ 35 ಲೀಟರ್ ಉಳಿಯಿತೆಂದು ಖುಷಿಯೂ ಆಯಿತು.

ಅವರು ಮೊದಲ ತಿಂಗಳ ಹಣ ಮಾತಿಲ್ಲದೆ ಕೊಟ್ಟರು. ಐದನೇ ವಾರದ ಒಂದು ಸಂಜೆ ಕಾರಿನಿಂದ ಇಳಿಯುವಾಗ ಹೇಳಿದರು: "ಬೇಜಾರು ಮಾಡ್ಕೋಬೇಡಿ ಸರ್. ಬಸ್ ಪಾಸಿಗೆ ಕೊಡ್ತಿದ್ದದ್ದಕ್ಕಿಂತ ಎರಡೂವರೆ ಪಟ್ಟು ನಿಮಗೆ ಕೊಡ್ತಿದ್ದೀನಿ. ಹಣ ಉಳಿಸೋಕೆ ಅಂತ ಬಂದವಳು ನಾನು."

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅವರ ತಿಂಗಳ ಬಸ್ ಪಾಸು ಸುಮಾರು 21 ಲೀಟರಿನ ಬೆಲೆಗೆ ಸಮ. ನಾನು ಅದನ್ನು ಕೇಳಿಯೇ ಇರಲಿಲ್ಲ. ನನಗೆ ಎಷ್ಟು ಉಳಿಯಬೇಕು ಎಂಬಲ್ಲಿಂದ ಹೊರಟು ಪಾಲು ಹಾಕಿದ್ದೆ. ಎದುರಿಗಿರುವವರು ಇಲ್ಲಿಯವರೆಗೆ ಎಷ್ಟು ಖರ್ಚು ಮಾಡುತ್ತಿದ್ದರು ಎಂದು ಮೊದಲು ತಿಳಿಯಬೇಕಿತ್ತು. ಇದು ನನ್ನ ತಪ್ಪು, ಇವತ್ತಿಗೂ ನೆನೆದರೆ ಮನಸ್ಸು ಚುರುಕ್ ಎನ್ನುತ್ತದೆ.

ಸರಿಯಾದ ಪಾಲು ಹಾಕಿದ್ದರೂ ಈ ಪೂಲ್ ಉಳಿಯುತ್ತಿರಲಿಲ್ಲ, ಇದನ್ನು ನಿಧಾನವಾಗಿ ನೋಡಬೇಕು. ಅವರು ಹೆಚ್ಚೆಂದರೆ 21 ಲೀಟರಿನಷ್ಟು ಕೊಡಬಲ್ಲರು, ಅದಕ್ಕಿಂತ ಹೆಚ್ಚಾದರೆ ಬಸ್ಸೇ ಮೇಲು. ಅವರನ್ನು ಬಿಟ್ಟು ಬರಲು ಹೊಸದಾಗಿ ಹುಟ್ಟಿದ ಖರ್ಚು 18 ಲೀಟರ್. ನಡುವೆ ಉಳಿದದ್ದು 3 ಲೀಟರ್. ಇಬ್ಬರೂ ಸೇರಿ ಉಳಿಸಬಹುದಾದ ಒಟ್ಟು ಮೊತ್ತವೇ ಅಷ್ಟು, ಅದನ್ನು ಹೇಗೆ ಹಂಚಿಕೊಂಡರೂ ಅದು ಮೂರೇ. ಇನ್ನು ಸಮಯ. ಪ್ರತಿ ಸಲ ಸುತ್ತು ದಾರಿಗೆ 25 ನಿಮಿಷ ಹಿಡಿಯುತ್ತಿತ್ತು, ದಿನಕ್ಕೆ 50, ತಿಂಗಳಿಗೆ 18 ಗಂಟೆಗೂ ಹೆಚ್ಚು. ಮೂರು ಲೀಟರಿಗಾಗಿ ಹದಿನೆಂಟು ಗಂಟೆ! ಅವರಿಗೆ ಬಸ್ಸು ಬದಲಿಸುವ ದಣಿವು ತಪ್ಪಿತ್ತು, ಅದಕ್ಕೆ ಬೆಲೆ ಇದೆ ನಿಜ. ಉಳಿತಾಯಕ್ಕೆಂದು ಸೇರಿದ ಇಬ್ಬರಿಗೆ ಅದು ಸಾಲದು. ಅವರು ಬಸ್ಸಿಗೆ ಮರಳಿದರು. ಹೆಚ್ಚಾಗಿ ತೆಗೆದುಕೊಂಡ 32 ಲೀಟರಿನ ಹಣವನ್ನು ಹಿಂದಿರುಗಿಸಿದೆ. ಈಗಲೂ ಬೀದಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತೇವೆ.

ಕಾರ್‌ಪೂಲ್ ಎಂದರೆ ಸೀಟು ತುಂಬಿಸುವುದು ಎಂದು ನಾನು ತಿಳಿದಿದ್ದೆ. ಸೀಟಿನ ಲೆಕ್ಕ ಎರಡನೆಯದು. ಮೊದಲು ನೋಡಬೇಕಾದದ್ದು ಒಬ್ಬರನ್ನು ಹತ್ತಿಸಿ ಇಳಿಸಲು ಕಾರು ತನ್ನ ದಾರಿಯಿಂದ ಎಷ್ಟು ಆಚೆ ಹೋಗುತ್ತದೆ ಎಂಬುದನ್ನು. ಫ್ರಾನ್ಸಿನಲ್ಲಿ 2006ರಲ್ಲಿ ಶುರುವಾಗಿ ಈಗ ಹಲವು ದೇಶಗಳಲ್ಲಿ ಹರಡಿರುವ ಬ್ಲಾಬ್ಲಾಕಾರ್ ಎಂಬ ಸಹಪ್ರಯಾಣ ಸೇವೆ ಬೆಳೆದದ್ದು ಊರಿಂದ ಊರಿಗೆ ಹೋಗುವ ದೂರ ಪ್ರಯಾಣಗಳ ಮೇಲೆ. 300 ಕಿಲೋಮೀಟರಿನ ದಾರಿಯಲ್ಲಿ ಯಾರನ್ನೋ ಹತ್ತಿಸಿಕೊಳ್ಳಲು ಹದಿನೈದು ನಿಮಿಷ ಸುತ್ತಿದರೆ ಯಾರಿಗೂ ಭಾರವಾಗದು, ಅದೂ ಒಂದು ದಿನದ ಮಾತು. ನಮ್ಮಂಥ ದಿನನಿತ್ಯದ ಮೂವತ್ತು ಕಿಲೋಮೀಟರಿಗೆ ಅದೇ ಹದಿನೈದು ನಿಮಿಷ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತಿಂಗಳಿಗೆ ನಲವತ್ನಾಲ್ಕು ಸಲ ಬಂದು ಕೂರುತ್ತದೆ. ಲಕ್ಷಾಂತರ ಚಾಲಕರ ದಾರಿ ಗೊತ್ತಿದ್ದ, ವೇಝ್ ಎಂಬ ದಾರಿ ತೋರಿಸುವ ಆ್ಯಪ್‌ನವರ ಕಾರ್‌ಪೂಲ್ ಸೇವೆ ಕೂಡ 2016ರಲ್ಲಿ ಶುರುವಾಗಿ 2022ರಲ್ಲಿ ನಿಂತುಹೋಯಿತು. ಸಾಂಕ್ರಾಮಿಕದ ನಂತರ ಜನ ಕಚೇರಿಗೆ ಹೋಗುವ ರೀತಿಯೇ ಬದಲಾಗಿತ್ತು. ಯಂತ್ರ ಎಷ್ಟೇ ಜಾಣವಾಗಿದ್ದರೂ ದಿನದ ದಾರಿ, ದಿನದ ಹೊತ್ತು ಕೂಡಿಬರದಿದ್ದರೆ ಅದು ತಾನೇ ಏನು ಮಾಡೀತು?

ಫಾರಂ ಮತ್ತೆ ತುಂಬಿದ್ದು

ಎರಡನೇ ಸಲ ಎರಡು ಬದಲಾವಣೆ ಮಾಡಿದೆ. ಮನೆಯ ಸುತ್ತಳತೆಯನ್ನು ತೆಗೆದುಹಾಕಿ, ನಾನು ಹೋಗುವ ರಸ್ತೆಯನ್ನೇ ನಕ್ಷೆಯ ಮೇಲೆ ಎಳೆದು "ಈ ದಾರಿಯ ಪಕ್ಕ 500 ಮೀಟರ್ ಒಳಗೆ" ಎಂದು ಕೊಟ್ಟೆ. ಬೆಳಗಿನ ಪ್ರಯಾಣ ಮತ್ತು ಸಂಜೆಯ ಪ್ರಯಾಣವನ್ನು ಒಂದೇ ಕಟ್ಟಾಗಿ ಕೊಡದೆ, ಎರಡು ಬೇರೆ ಬೇರೆ ನಮೂದಾಗಿ ಹಾಕಿದೆ.

ಮೊದಲ ಸಲ ಒಂದು ಹೆಸರು ಬಂದಿತ್ತು, ಈ ಸಲ ಹನ್ನೊಂದು. ಮನೆ ಹತ್ತಿರದವರು ಒಬ್ಬರೂ ಇರಲಿಲ್ಲ. ಎಲ್ಲರೂ ದಾರಿ ಮೇಲಿನವರು, ನಾನು ಐದು ವರ್ಷದಿಂದ ದಿನಾ ದಾಟಿ ಹೋಗುತ್ತಿದ್ದ ಬಸ್ ನಿಲ್ದಾಣ, ಸಿಗ್ನಲ್, ಮೇಲ್ಸೇತುವೆಗಳ ಪಕ್ಕ ಇದ್ದವರು. ಹನ್ನೊಂದೂ ಜನಕ್ಕೆ ಸಂದೇಶ ಕಳಿಸಿದೆ. ಏಳು ಜನ ಉತ್ತರಿಸಿದರು, ನಾಲ್ವರೊಡನೆ ಫೋನಿನಲ್ಲಿ ಮಾತಾಯಿತು, ಇಬ್ಬರೊಡನೆ ಹೊತ್ತು ಹೊಂದಿತು.

ಅವರ ಹೆಸರು ಹೇಳುವುದಿಲ್ಲ. ಹತ್ತುವ ಜಾಗದಿಂದಲೇ ಗುರುತಿಸುತ್ತೇನೆ. ನಾಲ್ಕನೇ ಕಿಲೋಮೀಟರಿನವರು ನನಗಿಂತ ಹಿರಿಯರು, ಇಲ್ಲಿಯವರೆಗೆ ತಮ್ಮದೇ ಕಾರಿನಲ್ಲಿ ಒಬ್ಬರೇ ಓಡಾಡುತ್ತಿದ್ದವರು. ಹದಿನಾಲ್ಕನೇ ಕಿಲೋಮೀಟರಿನವರು ನಮ್ಮ ಕಚೇರಿಯ ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುವ ಯುವತಿ, ಸ್ಕೂಟರಿನಲ್ಲಿ ಬರುತ್ತಿದ್ದರು.

ಕಾರು ಹತ್ತುವ ಮುಂಚೆ ಮೂವರೂ ಒಂದು ಮಧ್ಯಾಹ್ನ ಕಚೇರಿಗಳ ಬಳಿ ಭೇಟಿಯಾದೆವು. ಹದಿನಾಲ್ಕನೇ ಕಿಲೋಮೀಟರಿನವರು ತಮ್ಮ ಷರತ್ತುಗಳನ್ನು ಮೊದಲೇ ಬರೆದುಕೊಂಡು ಬಂದಿದ್ದರು. ಮೂವರದೂ ಕಚೇರಿಯ ಗುರುತಿನ ಚೀಟಿ ನೋಡಬೇಕು. ಮೊದಲ ಎರಡು ವಾರ ಮೂವರೂ ಇದ್ದರೆ ಮಾತ್ರ ಹತ್ತುತ್ತೇನೆ. ಎರಡೂ ಕಾರಿನ ನಂಬರು ನನ್ನ ಮನೆಯವರ ಹತ್ತಿರ ಇರುತ್ತದೆ, ದಾರಿಯುದ್ದಕ್ಕೂ ನನ್ನ ಫೋನಿನ ಜಾಡು ಅವರಿಗೆ ಕಾಣುತ್ತಿರುತ್ತದೆ. ಹತ್ತುವುದು ಇಳಿಯುವುದು ರಸ್ತೆಯ ನಿಲ್ದಾಣದಲ್ಲೇ, ಮನೆ ಬಾಗಿಲಿಗೆ ಬರುವುದು ಬೇಡ. "ತಪ್ಪು ತಿಳ್ಕೋಬೇಡಿ" ಎಂದೂ ಸೇರಿಸಿದರು. ತಪ್ಪು ತಿಳಿಯುವಂಥದ್ದು ಅದರಲ್ಲಿ ಏನಿತ್ತು? ಎಲ್ಲ ಪೂಲಿಗೂ ಈ ಷರತ್ತುಗಳು ಇರಬೇಕು. ನಾವಿಬ್ಬರೂ ಅಂದೇ ಸೇವೆಯಲ್ಲಿ ನಮ್ಮ ಮನೆಯ ಗುರುತನ್ನು ತೆಗೆದು ಹತ್ತಿರದ ವೃತ್ತದ ಗುರುತು ಹಾಕಿದೆವು. ಅಪರಿಚಿತರಿಗೆ ಮನೆಯ ಬಾಗಿಲು ತೋರಿಸುವ ಅಗತ್ಯ ಯಾರಿಗೂ ಇಲ್ಲ.

ಪಾಲು

ಮೂವರ ದಾರಿಯೂ ಒಂದೇ ರಸ್ತೆ. ಹತ್ತುವ ಜಾಗ ಬೇರೆ, ಇಳಿಯುವ ಜಾಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸುತ್ತು ದಾರಿ ಸೊನ್ನೆ. ಇನ್ನು ಪಾಲು ಹೇಗೆ? ಮೂವರಿಗೂ ಸಮ ಎಂದರೆ ಒಂದು ಸಲದ 34 ಕಿಲೋಮೀಟರಿನಲ್ಲಿ ತಲಾ 11.33. ಇಪ್ಪತ್ತೇ ಕಿಲೋಮೀಟರ್ ಕೂರುವವರಿಗೆ ಇದು ಅನ್ಯಾಯ. ಒಂದು ಸಲ ಸುಟ್ಟುಕೊಂಡ ನಾನು ಈ ಸಲ ದಾರಿಯನ್ನು ತುಂಡು ತುಂಡಾಗಿ ಕತ್ತರಿಸಿದೆ. ಯಾವ ತುಂಡಿನಲ್ಲಿ ಎಷ್ಟು ಜನ ಕೂತಿದ್ದಾರೋ ಆ ತುಂಡಿಗೆ ಅಷ್ಟು ಪಾಲು.

ಮೊದಲ 4 ಕಿಲೋಮೀಟರ್ ನಾನೊಬ್ಬನೇ, ಪೂರ್ತಿ ನನ್ನದು. ಮುಂದಿನ 10 ಕಿಲೋಮೀಟರ್ ಇಬ್ಬರು, ತಲಾ 5. ಕೊನೆಯ 20 ಕಿಲೋಮೀಟರ್ ಮೂವರು, ತಲಾ 6.67. ಕೂಡಿದರೆ ನನ್ನ ಪಾಲಿಗೆ 15.67, ನಾಲ್ಕನೇ ಕಿಲೋಮೀಟರಿನವರಿಗೆ 11.67, ಹದಿನಾಲ್ಕನೇ ಕಿಲೋಮೀಟರಿನವರಿಗೆ 6.67. ಯಾರಿಗೂ ವಿವರಿಸಬೇಕಾಗಲಿಲ್ಲ, ಕಾಗದದ ಮೇಲೆ ಗೆರೆ ಎಳೆದು ತೋರಿಸಿದೊಡನೆ ಮೂವರೂ ತಲೆಯಾಡಿಸಿದೆವು. ಮುಂದೆ ಹಂಚಿಕೆಯ ಶೀಟ್ ಒಂದನ್ನು ಮಾಡಿ, ಯಾವ ದಿನ ಯಾರು ಬಂದರು, ಯಾರ ಕಾರು ಎಂದು ಮಾತ್ರ ತುಂಬುವಂತೆ ಮಾಡಿದೆ. ಉಳಿದ ಲೆಕ್ಕ ಅದೇ ಹಾಕಿಕೊಳ್ಳುತ್ತದೆ.

ಇನ್ನು ಯಾರ ಕಾರು ಎಂಬ ಪ್ರಶ್ನೆ. ನನಗೆ ಬೇಕಾದದ್ದು ಮಂಗಳವಾರ, ಶುಕ್ರವಾರ ನನ್ನ ಕಾರು ಮನೆಯಲ್ಲಿರುವುದು. ಆ ಎರಡು ದಿನ ನಾಲ್ಕನೇ ಕಿಲೋಮೀಟರಿನವರ ಕಾರು, ಸೋಮವಾರ ಗುರುವಾರ ನನ್ನದು, ಬುಧವಾರ ಸರದಿಯಂತೆ. ಆದರೆ ಅವರು ನನ್ನನ್ನು ಕರೆದೊಯ್ಯಲು ಹಿಂದಕ್ಕೆ 4 ಕಿಲೋಮೀಟರ್ ಬಂದು ಮತ್ತೆ ಅಷ್ಟೇ ಮುಂದೆ ಹೋಗಬೇಕಾದರೆ ಹಳೆಯ ರೋಗವೇ ಮರುಕಳಿಸಿದಂತೆ. ದಾರಿಯ ತುದಿಯಲ್ಲಿರುವವರ ಕಾರು ಮಾತ್ರ ಸುತ್ತದೆ ಎಲ್ಲರನ್ನೂ ಹತ್ತಿಸಿಕೊಳ್ಳಬಲ್ಲದು. ಬೇರೆಯವರ ಕಾರು ಹೊರಡುವ ದಿನ ತುದಿಯವನೇ ಅವರಿರುವಲ್ಲಿಗೆ ಹೋಗಬೇಕು. ನಾನು ಸೈಕಲ್ ಹಿಡಿದೆ. ಹದಿನೈದು ಹದಿನಾರು ನಿಮಿಷದ ದಾರಿ, ಅವರ ಗೇಟಿನೊಳಗೆ ಸೈಕಲ್ ನಿಲ್ಲಿಸಲು ಜಾಗ ಕೊಟ್ಟರು.

ಮೈಲೇಜಿನಲ್ಲೂ ಸ್ವಲ್ಪ ಮಾತುಕತೆ ನಡೆಯಿತು. ಟ್ಯಾಂಕ್ ಪೂರ್ತಿ ತುಂಬಿಸಿ ಓಡಿಸಿ, ಮತ್ತೆ ಪೂರ್ತಿ ತುಂಬಿಸುವಾಗ ಎಷ್ಟು ಹಿಡಿಯಿತು ಎಂದು ಅಳೆಯುವುದೇ ನಂಬಬಹುದಾದ ವಿಧಾನ. ಹಾಗೆ ಅಳೆದಾಗ ಮೂವರಿದ್ದ ನನ್ನ ಕಾರು 16.5 ಕೊಟ್ಟಿತು. ಇಳಿದದ್ದು ಸಹಜವೇ. 45 ಕಿಲೋ ಭಾರ ಹೆಚ್ಚಾದರೆ ಮೈಲೇಜು ಸುಮಾರು ಶೇ. 1 ಇಳಿಯಬಹುದು ಎಂದು ಅಮೆರಿಕದ ಸರ್ಕಾರಿ ಇಂಧನ ಮಾಹಿತಿ ಹೇಳುತ್ತದೆ. ಇಬ್ಬರು ಹತ್ತಿದ್ದಕ್ಕೆ ಶೇ. 3 ಸರಿಹೊಂದುತ್ತದೆ. ಅವರ ಕಾರು 14ರ ಆಸುಪಾಸು. ಪಾಲಿನ ಲೆಕ್ಕಕ್ಕೆ 16 ಕಿಲೋಮೀಟರಿಗೆ ಒಂದು ಲೀಟರ್ ಎಂದು ಇಟ್ಟುಕೊಳ್ಳೋಣ ಎಂದರು ಅವರೇ. "ನನ್ನ ಕಾರು ಹೆಚ್ಚು ಕುಡಿದರೆ ಅದು ನನ್ನ ಹೊಣೆ, ನಿಮ್ಮದಲ್ಲ" ಎಂದ ಆ ಮಾತು ಪೂಲಿಗೆ ಒಳ್ಳೆಯ ಬುನಾದಿ ಹಾಕಿತು. ನಮ್ಮಿಬ್ಬರ ಕಾರುಗಳು ಹೆಚ್ಚುಕಡಿಮೆ ಸಮ ದಿನ ಓಡುವುದರಿಂದ ನಮ್ಮೊಳಗಿನ ಬಾಕಿ ತಾನೇ ವಜಾ ಆಗುತ್ತದೆ. ಟೈರು, ಸರ್ವಿಸಿನ ಸವೆತವೂ ಹಾಗೆಯೇ.

ಇಂಧನದ ಪಾಲಿಗಿಂತ ಒಂದು ಕಾಸೂ ಹೆಚ್ಚು ತೆಗೆದುಕೊಳ್ಳಬಾರದು ಎಂಬುದರಲ್ಲಿ ಮೂವರಿಗೂ ಒಂದೇ ಅಭಿಪ್ರಾಯ ಇತ್ತು. ನ್ಯಾಯದ ಮಾತಷ್ಟೇ ಆಗಿದ್ದರೂ ಸಾಕಿತ್ತು, ಕಾನೂನಿನ ಮಾತೂ ಇದೆ. ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆಗೆ ಓಡಿಸುವುದು ಬೇರೆ. ಫ್ರಾನ್ಸಿನ ಸಾರಿಗೆ ಸಂಹಿತೆ ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯುತ್ತದೆ: ಚಾಲಕ ತನ್ನ ಸ್ವಂತ ಕೆಲಸಕ್ಕೆ ಹೋಗುತ್ತಿರುವ ಪ್ರಯಾಣವಾಗಿರಬೇಕು, ಖರ್ಚಿನ ಹಂಚಿಕೆ ಬಿಟ್ಟರೆ ಹಣ ಪಡೆಯಬಾರದು. ಬೇರೆ ಕಡೆ ನಿಯಮ ಬೇರೆ ಇರುತ್ತದೆ, ವಿಮೆಯ ಕರಾರೂ ಬೇರೆ. ಲಾಭಕ್ಕೆ ಓಡಿಸಿದ ಕಾರು ಅಪಘಾತವಾದಾಗ ವಿಮೆ ಕೈಕೊಟ್ಟರೆ ಎಷ್ಟು ವರ್ಷದ ಉಳಿತಾಯ ಸಾಕಾದೀತು? ನಾವಿಬ್ಬರೂ ನಮ್ಮ ವಿಮೆಯವರಿಗೆ ಪತ್ರ ಬರೆದು, ಖರ್ಚು ಹಂಚಿಕೊಂಡರೆ ಪಾಲಿಸಿ ಊರ್ಜಿತವೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ತರಿಸಿಕೊಂಡೆವು. ಆಮೇಲೆಯೇ ಕಾರು ಹೊರಟಿದ್ದು.

ಸಂಜೆ

ಬೆಳಿಗ್ಗೆ ಎಲ್ಲರಿಗೂ ಒಂದೇ ಗುರಿ, ಹೊತ್ತಿಗೆ ಸರಿಯಾಗಿ ಸೇರುವುದು. ಸಂಜೆ ಹಾಗಲ್ಲ. ಒಬ್ಬರಿಗೆ ಸಭೆ ಮುಗಿದಿರುವುದಿಲ್ಲ, ಇನ್ನೊಬ್ಬರಿಗೆ ಮಗುವನ್ನು ಕರೆತರಬೇಕು, ಮತ್ತೊಬ್ಬರಿಗೆ ಸುಮ್ಮನೆ ಬೇಗ ಮನೆ ಸೇರಬೇಕು. ನಮ್ಮ ಮೊದಲ ತಿಂಗಳ ಬಿರುಕುಗಳೆಲ್ಲ ಸಂಜೆಯೇ ಬಿಟ್ಟವು.

ಎರಡನೇ ವಾರ ಒಂದು ಸಂಜೆ ನಾನು ಕಾರಿನಲ್ಲಿ ಕೂತು ಹದಿನಾಲ್ಕು ನಿಮಿಷ ಕಾದೆ. ನಾಲ್ಕನೇ ಕಿಲೋಮೀಟರಿನವರು ಸಭೆಯಲ್ಲಿ ಸಿಕ್ಕಿಬಿದ್ದಿದ್ದರು, ಫೋನು ಮೌನದಲ್ಲಿತ್ತು. ಹಿಂದಿನ ಸೀಟಿನಲ್ಲಿದ್ದವರು ಗಡಿಯಾರ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಅವರು ಓಡಿ ಬಂದು ಕೂತಾಗ ಯಾರೂ ಏನೂ ಅನ್ನಲಿಲ್ಲ. ಮಾತಿಲ್ಲದ ಆ ಮೂವತ್ತು ಕಿಲೋಮೀಟರು ನನಗೆ ಬಹಳ ಉದ್ದವೆನಿಸಿತು. ಮರುದಿನ ಅವರೇ ಬರೆದು ಕಳಿಸಿದರು: "ಇನ್ನು ಮೂರು ನಿಮಿಷ. ಆಮೇಲೆ ಹೊರಟುಬಿಡಿ. ನಾನಾದರೂ ಸರಿ."

ಮೂರು ನಿಮಿಷದ ನಿಯಮ ಕಠಿಣವಾಗಿ ಕೇಳಿಸುತ್ತದೆ. ನಿಜವಾಗಿ ಅದು ಸ್ನೇಹವನ್ನು ಕಾಪಾಡಿತು. ಬಿಟ್ಟು ಹೋದವರ ಮೇಲೆ ಸಿಟ್ಟಿಲ್ಲ, ತಡವಾದವರಿಗೆ ನಾಚಿಕೆಯಿಲ್ಲ. ಜೊತೆಗೆ ಇನ್ನೊಂದು ನಿಯಮ ಸೇರಿತು: ನಾಳೆ ಬರುವುದಿಲ್ಲವಾದರೆ ರಾತ್ರಿ ಒಂಬತ್ತರೊಳಗೆ ತಿಳಿಸಬೇಕು. ಹಾಗೆ ತಿಳಿಸದೆ ತಪ್ಪಿಸಿಕೊಂಡವರ ಪಾಲು ಆ ದಿನ ಅವರ ಲೆಕ್ಕಕ್ಕೇ ಬೀಳುತ್ತದೆ.

ಹಾಗಾದರೆ ತಡವಾದವರು ಮನೆಗೆ ಹೋಗುವುದು ಹೇಗೆ? ಈ ಭಯವೇ ಎಷ್ಟೋ ಜನರನ್ನು ಪೂಲಿನಿಂದ ದೂರ ಇಡುತ್ತದೆ. ಬೆಳಿಗ್ಗೆ ಕಾರು ಬಿಟ್ಟು ಬಂದೆ, ಮಧ್ಯಾಹ್ನ ಮಗುವಿಗೆ ಜ್ವರ ಎಂದು ಶಾಲೆಯಿಂದ ಫೋನು ಬಂದರೆ? ಅಮೆರಿಕದ ವಾಷಿಂಗ್ಟನ್ ಪ್ರದೇಶದಲ್ಲಿ ಸರ್ಕಾರಿ ಸಂಸ್ಥೆಗಳು 1970ರ ದಶಕದಿಂದಲೇ ಕಾರ್‌ಪೂಲ್ ಜೋಡಿಸುವ ಕೆಲಸ ಮಾಡುತ್ತಿವೆ. ಅಲ್ಲಿ ಪೂಲಿನಲ್ಲಿ ಬಂದವರಿಗೆ ತುರ್ತು ಬಂದರೆ ಉಚಿತವಾಗಿ ಮನೆ ಸೇರಿಸುವ ಏರ್ಪಾಡು ಇದೆ. ಅದೇ ಊರಿನ ಇನ್ನೊಂದು ಪದ್ಧತಿ ನನಗೆ ಇನ್ನೂ ಹೆಚ್ಚು ಇಷ್ಟ. ಹೆದ್ದಾರಿಯಲ್ಲಿ ನಾಲ್ವರು ಮತ್ತು ಹೆಚ್ಚು ಜನ ಇರುವ ಕಾರುಗಳಿಗೆ ಬೇರೆಯೇ ಪಥ ಮಾಡಿದಾಗ, ಅದರಲ್ಲಿ ಹೋಗಬಯಸುವ ಚಾಲಕರು ನಿಲ್ದಾಣದಲ್ಲಿ ಸಾಲು ನಿಂತ ಅಪರಿಚಿತರನ್ನು ಹತ್ತಿಸಿಕೊಳ್ಳತೊಡಗಿದರು. 1970ರ ದಶಕದಲ್ಲಿ ತಾನಾಗಿ ಹುಟ್ಟಿದ ಪದ್ಧತಿ ಇದು, ಹಣದ ವ್ಯವಹಾರವೇ ಇಲ್ಲ. ಚಾಲಕನಿಗೆ ಬೇಗ ಹೋಗುವ ಪಥ ಸಿಗುತ್ತದೆ, ಪ್ರಯಾಣಿಕನಿಗೆ ಸವಾರಿ. ಬೆಳಿಗ್ಗೆ ಯಾರ ಜೊತೆ ಬಂದರೋ ಸಂಜೆ ಅವರ ಜೊತೆಯೇ ಮರಳಬೇಕೆಂಬ ಕಟ್ಟುಪಾಡಿಲ್ಲ. ಸಂಜೆಯ ಸಾಲು ಬೇರೆ, ಸಂಜೆಯ ಕಾರು ಬೇರೆ. ಎರಡನೇ ಸಲ ಫಾರಂ ತುಂಬುವಾಗ ಬೆಳಿಗ್ಗೆ ಸಂಜೆಗಳನ್ನು ಬೇರ್ಪಡಿಸುವ ಉಪಾಯ ಹೊಳೆದದ್ದು ಇದನ್ನು ಓದಿಯೇ.

ನಮಗೆ ಸರ್ಕಾರದ ಏರ್ಪಾಡು ಇರಲಿಲ್ಲ, ನಾವೇ ಒಂದು ಡಬ್ಬಿ ಇಟ್ಟೆವು. ಮೂವರೂ ತಿಂಗಳಿಗೆ ಒಂದೊಂದು ಲೀಟರಿನ ಹಣ ಹಾಕುವುದು. ಕಾರು ತಪ್ಪಿದವರು, ತುರ್ತು ಬಂದವರು ಅದರಿಂದ ಟ್ಯಾಕ್ಸಿ ಮಾಡಿಕೊಂಡು ಹೋಗಬಹುದು. ಕಾರಣ ಕೇಳುವಂತಿಲ್ಲ. ಆರು ತಿಂಗಳಲ್ಲಿ ಡಬ್ಬಿಗೆ ಕೈ ಹಾಕಿದ್ದು ಮೂರೇ ಸಲ. ಡಬ್ಬಿ ಇದೆ ಎಂಬ ಧೈರ್ಯವೊಂದೇ ಮಿಕ್ಕ ದಿನಗಳನ್ನು ನಡೆಸಿತು.

ಆರು ತಿಂಗಳ ಲೆಕ್ಕ

ಕಾಗದದ ಮೇಲೆ, ಮೂವರೂ ತಿಂಗಳ ಇಪ್ಪತ್ತೆರಡು ದಿನವೂ ಬಂದರೆ, ಅರ್ಧ ದಿನಗಳಲ್ಲಿ ನಾನು ಸೈಕಲ್ಲಿನಲ್ಲಿ ಹೋಗುವ 4 ಕಿಲೋಮೀಟರ್ ಕಳೆದು, ನನ್ನ 88 ಲೀಟರ್ 38ರ ಹತ್ತಿರಕ್ಕೆ ಇಳಿಯಬೇಕು, ಶೇ. 57 ಉಳಿತಾಯ. ಜೋಡಿಸುವ ಸೇವೆಗಳು ತೋರಿಸುವ ಉಳಿತಾಯದ ಅಂಕಿಗಳು ಈ ಬಗೆಯವು, ಎಲ್ಲರೂ ಎಲ್ಲ ದಿನವೂ ಬರುತ್ತಾರೆ ಎಂದು ಹಿಡಿದು ಹಾಕಿದವು.

ನಡೆದದ್ದು ಹೀಗೆ. ಆರು ತಿಂಗಳಲ್ಲಿ ನನಗೆ 128 ಕೆಲಸದ ದಿನ. ಅದರಲ್ಲಿ 97 ದಿನ ಪೂಲ್ ಓಡಿತು. ಮೂವರೂ ಇದ್ದದ್ದು 61 ದಿನ, ನಾನು ಮತ್ತು ನಾಲ್ಕನೇ ಕಿಲೋಮೀಟರಿನವರು 25 ದಿನ, ನಾನು ಮತ್ತು ಹದಿನಾಲ್ಕನೇ ಕಿಲೋಮೀಟರಿನವರು 11 ದಿನ. 31 ದಿನ ನಾನು ಒಬ್ಬನೇ ಹೋದೆ: 14 ದಿನ ನನ್ನ ಹೊತ್ತು ಬೇರೆಯಾಗಿತ್ತು, 9 ದಿನ ಕೆಲಸ ಮುಗಿಸಿ ಬೇರೆ ಕಡೆ ಹೋಗಬೇಕಿತ್ತು, 8 ದಿನ ಅವರಿಬ್ಬರೂ ಇರಲಿಲ್ಲ. ಒಬ್ಬನೇ ಓಡಾಡಿದ್ದರೆ ಈ 128 ದಿನಕ್ಕೆ 512 ಲೀಟರ್ ಆಗುತ್ತಿತ್ತು. ಒಬ್ಬನೇ ಹೋದ ದಿನಗಳ 124, ಪೂಲಿನಲ್ಲಿ ನನ್ನ ಪಾಲಿನ 188, ಒಟ್ಟು 312 ಆಯಿತು. ಉಳಿದದ್ದು 200 ಲೀಟರ್, ಶೇ. 39.

ಐವತ್ತೇಳು ಎಂದು ಹೊರಟು ಮೂವತ್ತೊಂಬತ್ತಕ್ಕೆ ಬಂದು ನಿಂತೆವು. ಹೀಗೇ ಆಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಯಾರಿಗೂ ನಿರಾಸೆ ಆಗುವುದಿಲ್ಲ. ಕಾಗದದ ಉಳಿತಾಯದ ಮೂರರಲ್ಲಿ ಎರಡು ಭಾಗ ಕೈಗೆ ಬಂದೀತು ಎಂದು ಹಿಡಿದು ನಿರ್ಧರಿಸಿ ಎಂದೇ ಕೇಳಿದವರಿಗೆಲ್ಲ ಹೇಳುತ್ತೇನೆ. ಆಮೇಲೂ ಲಾಭ ಕಂಡರೆ ಮುಂದುವರಿಯಿರಿ.

ಮೂವರಿಗೂ ಸಮನಾಗಿ ಉಳಿಯಲಿಲ್ಲ, ಅದನ್ನೂ ಮುಚ್ಚಿಡಬಾರದು. ಹೆಚ್ಚು ಗಳಿಸಿದವರು ನಾಲ್ಕನೇ ಕಿಲೋಮೀಟರಿನವರು. ಹೆಚ್ಚು ಕುಡಿಯುವ ಕಾರನ್ನು ಒಬ್ಬರೇ ಓಡಿಸುತ್ತಿದ್ದವರು ಅವರು, ತಿಂಗಳಿಗೆ 94 ಲೀಟರ್ ಸುಡುತ್ತಿತ್ತು. ಎಲ್ಲರಿಗಿಂತ ಕಡಿಮೆ ಉಳಿದದ್ದು ಹದಿನಾಲ್ಕನೇ ಕಿಲೋಮೀಟರಿನವರಿಗೆ. ಲೀಟರಿಗೆ 45 ಕೊಡುವ ಸ್ಕೂಟರಿನಲ್ಲಿ ತಿಂಗಳಿಗೆ ಇಪ್ಪತ್ತು ಲೀಟರ್ ಸಾಕಾಗುತ್ತಿತ್ತು. ಪೂಲಿನಲ್ಲಿ ಪೂರ್ತಿ ತಿಂಗಳ ಪಾಲೇ ಹದಿನೆಂಟು. ಇಂಧನದಲ್ಲಿ ಉಳಿದದ್ದು ಒಂದೆರಡು ಲೀಟರ್ ಮಾತ್ರ. ನಾನು ಇದನ್ನು ಎರಡನೇ ತಿಂಗಳಲ್ಲೇ ಅವರ ಮುಂದಿಟ್ಟೆ. ಐದು ವಾರದ ಪೂಲಿನ ಪಾಠ ಹಾಗಿತ್ತು. "ಮಳೆಗೆ ನೆನೆಯೋದಿಲ್ಲ, ಲಾರಿಗಳ ನಡುವೆ ಜೀವ ಕೈಲಿ ಹಿಡ್ಕೊಂಡು ಹೋಗೋದಿಲ್ಲ. ಅದಕ್ಕೆ ಹದಿನೆಂಟು ಲೀಟರ್ ಹೆಚ್ಚಲ್ಲ" ಎಂದರು. ಬಿಸಿಲು ಚೆನ್ನಾಗಿರುವ ದಿನ ಒಮ್ಮೊಮ್ಮೆ ಸ್ಕೂಟರೇ ಹಿಡಿಯುತ್ತಾರೆ. ಹಿಂದಿನ ರಾತ್ರಿ ಒಂಬತ್ತರೊಳಗೆ ತಿಳಿಸಿರುತ್ತಾರೆ, ನಮ್ಮದೇನೂ ತಕರಾರಿಲ್ಲ. ಸ್ಕೂಟರ್ ಬಿಟ್ಟು ಬರುವವರನ್ನು ಹಣದ ಆಸೆ ತೋರಿಸಿ ಕರೆಯಬಾರದು, ಲೆಕ್ಕ ಅವರನ್ನು ಬಹಳ ದಿನ ಹಿಡಿದಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಶೀಟಿನಲ್ಲಿ ಎಲ್ಲೂ ಇಲ್ಲ. ಆ ಎರಡನೇ ಕಾರನ್ನು ನಾವು ಕೊಳ್ಳಲಿಲ್ಲ. ಅದರ ಕಂತು, ವಿಮೆ, ಸರ್ವಿಸು, ನಿಲ್ಲಿಸುವ ಜಾಗ, ನಿಂತಲ್ಲೇ ಇಳಿಯುವ ಅದರ ಬೆಲೆ, ಇವುಗಳ ಮುಂದೆ ಆರು ತಿಂಗಳ 200 ಲೀಟರ್ ಚಿಕ್ಕದು. ಅಮ್ಮ ಈಗ ಕೋಲಿಲ್ಲದೆ ನಡೆಯುತ್ತಾರೆ. ಮಂಗಳವಾರ ಶುಕ್ರವಾರಗಳ ಕಾರು ಆಸ್ಪತ್ರೆಯ ಬಾಗಿಲವರೆಗೂ ಹೋಗಿ ಬಂತು.

ಅಮೆರಿಕದಲ್ಲಿ 1980ರಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ಶೇ. 20 ಜನ ಕಾರ್‌ಪೂಲ್ ಮಾಡುತ್ತಿದ್ದರು. 2019ರ ಹೊತ್ತಿಗೆ ಅದು ಶೇ. 9ರ ಆಸುಪಾಸಿಗೆ ಇಳಿದಿತ್ತು. 1980ರಲ್ಲಿ ಜೋಡಿಸಿಕೊಡಲು ಫೋನಿನ ಆ್ಯಪ್ ಇರಲಿಲ್ಲ, ಇದ್ದದ್ದು ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ನೆನಪು, ಕಚೇರಿಯ ಗೋಡೆಗೆ ಅಂಟಿಸಿದ ಚೀಟಿಗಳು. ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ನಮ್ಮ ಮೂರು ನಿಮಿಷದ ನಿಯಮ, ಡಬ್ಬಿ, ತುಂಡು ತುಂಡು ಪಾಲಿನ ಕಾಗದ ನೆನಪಾಗುತ್ತವೆ. ಸೇವೆ ನಮಗೆ ಕೊಟ್ಟದ್ದು ಹನ್ನೊಂದು ಹೆಸರು. ಅದಿಲ್ಲದೆ ನಾವು ಸಿಗುತ್ತಿರಲಿಲ್ಲ, ಆ ಋಣ ದೊಡ್ಡದು. ಉಳಿದದ್ದನ್ನು ನಾವೇ ಕಟ್ಟಿಕೊಳ್ಳಬೇಕಾಯಿತು.

ನಾಲ್ಕನೇ ಕಿಲೋಮೀಟರಿನವರ ಕಚೇರಿ ಎರಡು ತಿಂಗಳಲ್ಲಿ ಬೇರೆ ಕಡೆಗೆ ಹೋಗಲಿದೆ. ನಾನು ಮತ್ತೆ ಆ ರಸ್ತೆಯನ್ನು ನಕ್ಷೆಯ ಮೇಲೆ ಎಳೆದು ಹಾಕಿದ್ದೇನೆ, ಸ್ವಂತ ಕಾರಿರುವವರು ಬೇಕೆಂದು ಬರೆದಿದ್ದೇನೆ. ಕಳೆದ ವಾರ ಆರನೇ ಕಿಲೋಮೀಟರಿನಿಂದ ಒಂದು ಸಂದೇಶ ಬಂತು. ಹೊತ್ತು ಹೊಂದುತ್ತದೆ, ಕಾರು ಇದೆ, ಪಾಲಿನ ಬಗ್ಗೆ ಆಮೇಲೆ ಮಾತಾಡೋಣ ಎಂದು ಬರೆದು, ಕೊನೆಗೆ ಕೇಳಿದ್ದರು: "ಸಂಜೆ ನನಗೆ ತಡವಾದರೆ ಏನು ಮಾಡುತ್ತೀರಿ?" ಡಬ್ಬಿಯ ವಿಷಯ ಬರೆದು ಕಳಿಸಿದೆ.